ಸಂಘದ ಮನೆಯ ಚಳಿಗಾಲದ ಯಜಮಾನಿ

ಕೋರ್ಪಿಯ ಮುಖ್ಯ ಬೀದಿಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಅಪ್ಪನ ಕಾಲದಿಂದಲೂ ಮೊಳೆ, ನಲ್ಲಿ, ಹಿಮ ಎತ್ತುವ ಸಲಿಕೆ ಮಾರಿಕೊಂಡು ಬಂದಿದ್ದೇವೆ. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಕಂಡುಕೊಂಡದ್ದು ಗಿರಾಕಿಗಳಲ್ಲಿ ಎರಡು ಜಾತಿ. ಒಂದು ಜಾತಿಯವರು ಸಾಮಾನು ಕೊಂಡು ಹೋಗುತ್ತಾರೆ. ಇನ್ನೊಂದು ಜಾತಿಯವರು ಸಾಮಾನನ್ನು ಕೈಗೆ ತೆಗೆದುಕೊಂಡು, ತಿರುವಿ ನೋಡಿ, ಅದು ಹೇಗೆ ಕೆಲಸ ಮಾಡುತ್ತದೆಂದು ನನ್ನ ಬಾಯಿಂದಲೇ ತಿಳಿದುಕೊಂಡು, ಮನೆಗೆ ಹೋಗಿ ಹಳೇ ಕಾಲುಚೀಲದಲ್ಲಿ ಅದನ್ನೇ ಮಾಡಿಕೊಳ್ಳುತ್ತಾರೆ. ಲೆಂಪಿ ಹಾಕಲಾ ಎರಡನೆಯ ಜಾತಿಗೆ ಸೇರಿದವಳು. ಸೇರಿದವಳೇನು ಬಂತು, ಆ ಜಾತಿಯ ಮುಖಂಡಳೇ.

ಆಕೆ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ನನಗೂ, ನನ್ನ ನಂತರ ನನ್ನ ಮಕ್ಕಳಿಗೂ ಬಟಾಣಿ ಸಾರು ಬಡಿಸಿದ ಕೈ ಅದು. ಸೌಟನ್ನು ಆಡಿಸುವ ಹಾಗೆಯೇ ಮಾತನ್ನೂ ಆಡಿಸುವವಳು. ಮಧ್ಯಾಹ್ನದ ಹೊತ್ತು ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದಳೆಂದರೆ, ಒಲೆಯ ಸುತ್ತ ಕುಳಿತು ಕಾಲ ಕಳೆಯುವ ಮುದುಕರೆಲ್ಲ ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಡುತ್ತಿದ್ದರು. ನಿವೃತ್ತಿಯ ನಂತರ ಶಾಲೆಯವರು ಒಂದು ಗಡಿಯಾರ ಕೊಟ್ಟರು. ಊರಿನವರು ಏನೂ ಕೊಡಲಿಲ್ಲ. ಆದ್ದರಿಂದ ಊರಿನ ಸಂಘದ ಮನೆಯನ್ನು ಆಕೆ ತಾನಾಗಿಯೇ ತೆಗೆದುಕೊಂಡಳು.

ಆ ಮನೆಯನ್ನು ನಮ್ಮ ಅಜ್ಜಂದಿರು ಫಿನ್‌ಲೆಂಡಿನಿಂದ ಅಮೆರಿಕಕ್ಕೆ ಬಂದು ಗಣಿಗೆ ಸೇರಿದ ಹೊಸತರಲ್ಲಿ ದಿಮ್ಮಿ ಕಡಿದು ಕಟ್ಟಿದ್ದು. ಬೇಸಿಗೆಯಲ್ಲಿ ಅಲ್ಲಿ ಕುಣಿತ, ಮದುವೆ, ಚುನಾವಣೆ. ಚಳಿಗಾಲದಲ್ಲಿ ಒಂದೇ ಕೆಲಸ, ಮಣ್ಣಿನ ಕಾಫಿ. ಊರಲ್ಲಿ ಯಾರೇ ತೀರಿಕೊಳ್ಳಲಿ, ಚರ್ಚಿನಿಂದ ನೇರ ಸಂಘದ ಮನೆಗೆ ಬಂದು ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕುಡಿದು, ಏಲಕ್ಕಿ ಬ್ರೆಡ್ಡು ತಿಂದು, ಸತ್ತವರ ಬಗ್ಗೆ ಒಂದೆರಡು ಸುಳ್ಳು ಹೇಳಿ ಮನೆಗೆ ಹೋಗಬೇಕು. ಅದಾಗದಿದ್ದರೆ ಮಣ್ಣು ಪೂರ್ತಿಯಾದ ಹಾಗಲ್ಲ. ತೊಂದರೆಯೆಂದರೆ, ನಮ್ಮೂರಿನವರು ಸಾಯುವುದು ಹೆಚ್ಚಾಗಿ ಚಳಿಗಾಲದಲ್ಲಿಯೇ, ಅದೂ ಮುಂಚಿತವಾಗಿ ತಿಳಿಸದೆ. ಹಾಗಾಗಿ ವಾರಗಟ್ಟಲೆ ಒಂದು ನರಪಿಳ್ಳೆಯೂ ಕಾಲಿಡದ ಆ ಮನೆಯನ್ನು ತುಸು ಬೆಚ್ಚಗಿಟ್ಟು, ಪೈಪಿನಲ್ಲಿ ನೀರು ನಿಲ್ಲಿಸಿಕೊಂಡೇ ಇರಬೇಕು.

ಲೆಂಪಿಯ ಗಂಡ ಓನ್ನಿ ತೀರಿಕೊಂಡ ಜನವರಿಯಲ್ಲಿ ಆ ಪೈಪು ಒಡೆಯಿತು. ಅಡುಗೆಮನೆಯಿಂದ ಕುಣಿತದ ನೆಲದವರೆಗೆ ಹರಿದ ನೀರು ಅಲ್ಲಿಯೇ ಗಾಜಿನಂತೆ ಕಟ್ಟಿಕೊಂಡಿತ್ತು. ಓನ್ನಿಯ ಮಣ್ಣಿನ ಕಾಫಿಯನ್ನು ಅಗ್ನಿಶಾಮಕ ಠಾಣೆಯಲ್ಲಿ, ಎರಡು ಕೆಂಪು ಲಾರಿಗಳ ನಡುವೆ ಕುಡಿದೆವು. ಕೂರಲು ಜಾಗವಿರಲಿಲ್ಲ. ಟೈರಿಗೆ ಒರಗಿಕೊಂಡು ನಿಂತು, ಕಾಗದದ ಲೋಟದಲ್ಲಿ ಕುಡಿದು, ಬೇಗ ಬೇಗ ಕಳಚಿಕೊಂಡೆವು. ಲೆಂಪಿ ಅಂದು ಅಳಲಿಲ್ಲ. ಖಾಲಿ ಲೋಟಗಳನ್ನೆಲ್ಲ ಒಂದರೊಳಗೊಂದು ಸಿಕ್ಕಿಸಿ, ಉದ್ದನೆಯ ಕೋಲಿನಂತೆ ಹಿಡಿದುಕೊಂಡು ನಿಂತಿದ್ದಳು.

ಆ ವರ್ಷದ ಶರತ್ಕಾಲದ ಸಭೆಯಲ್ಲಿ ಸಂಘದ ಅಧ್ಯಕ್ಷ ರೈನೋ ಎದ್ದು ನಿಂತ. ಜೀವಮಾನವಿಡೀ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವನು. ಏನೇ ಅಡ್ಡ ಬಂದರೂ ಪಕ್ಕಕ್ಕೆ ತಳ್ಳಿ ಮುಂದೆ ಹೋಗುವುದು ಅವನ ಅಭ್ಯಾಸ.

"ಇನ್ನು ಮೇಲೆ ನವೆಂಬರ್ ಬಂತು ಅಂದ್ರೆ ನೀರೆಲ್ಲ ಇಳಿಸಿ ಬೀಗ ಹಾಕೋದು. ಹಿಮ ಕರಗಿದ್ ಮೇಲೆ ತೆಗೆಯೋದು," ಎಂದ.

"ಮಧ್ಯದಲ್ಲಿ ಸತ್ತೋರು?" ಎಂದಳು ಲೆಂಪಿ.

"ಅಗ್ನಿಶಾಮಕದೋರು ಜಾಗ ಕೊಡ್ತಾರಲ್ಲ."

"ನಾನು ಓನ್ನೀನ ಕಾಗದದ ಲೋಟದಲ್ಲಿ ಕಳಿಸಿಕೊಟ್ಟೆ, ರೈನೋ. ಇನ್ನೊಬ್ಬರಿಗೆ ಹಾಗಾಗೋಕೆ ಬಿಡಲ್ಲ."

"ನೀನು ಬಿಡದೇ ಇದ್ರೆ ಚಳಿ ಕೇಳುತ್ತೇನೇ? ಹೀಟರಿಗೆ ಎಣ್ಣೆ ಸುರಿದು ಸುರಿದು ಸಂಘದ ಕೈ ಬರಿದಾಗಿದೆ."

"ಹೆಚ್ಚಿಗೆ ಒಂದು ಹನಿ ಎಣ್ಣೆ ಬೇಡ. ಈಗ ಎಷ್ಟು ಬೆಚ್ಚಗಿಡ್ತೀಯೋ ಅಷ್ಟೇ ಇಡು. ಪೈಪು ನನಗೆ ಬಿಡು."

ಸಭೆ ಆಕೆಗೆ ಒಂದು ಚಳಿಗಾಲ ಕೊಟ್ಟಿತು. ಪೈಪು ಒಡೆದರೆ ಮರುವರ್ಷದಿಂದ ಬೀಗ. ಕೈ ಎತ್ತಿದವರೆಲ್ಲರೂ ಆಕೆಯ ಮುಖ ತಪ್ಪಿಸಿ ಎತ್ತಿದರು.

ಮರುದಿನ ಜೋರು ಗಾಳಿಯಿತ್ತು. ಸರೋವರದ ಕಡೆಯಿಂದ ನೇರ ಬೀಸುವ ಬಡಗಣ ಗಾಳಿ. ಲೆಂಪಿ ಅಂಗಡಿಗೆ ಬಂದು, "ರೂಡಿ, ಕೋಟು ಹಾಕ್ಕೊಳಪ್ಪ, ಹೋಗೋಣ," ಎಂದಳು.

"ಇಂಥಾ ಗಾಳೀಲಾ?"

"ಗಾಳಿ ಇಲ್ದಿದ್ ದಿವಸ ತೂತು ಹೇಗೋ ಸಿಗುತ್ತೆ?"

ಸಂಘದ ಮನೆಯ ಅಡುಗೆಮನೆಯಲ್ಲಿ ಆಕೆ ಸಿಂಕಿನ ಕೆಳಗಿನ ಕಪಾಟಿಗೆ ತಲೆ ತೂರಿಸಿ ಕುಳಿತಳು. ಕೈ ಒದ್ದೆ ಮಾಡಿಕೊಂಡು ಗೋಡೆಯುದ್ದಕ್ಕೂ ಮೆಲ್ಲಗೆ ಸವರಿದಳು. ಹಳೇ ಟೆಲಿಫೋನಿನ ತಂತಿ ಒಳಬಂದಿದ್ದ ಕಡೆ ಒಂದು ಬೆರಳು ಹೋಗುವಷ್ಟು ತೂತು. ಅದಕ್ಕೆ ಎದುರಾಗಿಯೇ ನೀರಿನ ಪೈಪು ಬಾಗುವ ಮೊಣಕೈ. ಎಷ್ಟೇ ಎಣ್ಣೆ ಉರಿಸಿದರೂ ಹೊರಗಿನ ಗಾಳಿ ಹಗಲೂ ರಾತ್ರಿ ಅದೊಂದೇ ಜಾಗಕ್ಕೆ ಊದುತ್ತಿತ್ತು. ಇತ್ತ ಕಪಾಟಿನ ಬಾಗಿಲು ಮುಚ್ಚಿದ್ದರಿಂದ ಕೋಣೆಯ ಬಿಸಿ ಅಲ್ಲಿಗೆ ತಲುಪುವಂತಿರಲಿಲ್ಲ.

"ನೋಡು, ನಾವು ಕುಣಿಯೋ ನೆಲಾನ ಬೆಚ್ಚಗಿಟ್ಟು ಪೈಪನ್ನ ಹೊರಗೆ ಮಲಗಿಸಿದ್ವಿ," ಎಂದಳು.

ನಾನು ವ್ಯಾಪಾರಿ. ಸಮಯ ನೋಡಿ, ಪೈಪಿಗೆ ಸುತ್ತುವ ವಿದ್ಯುತ್ ಪಟ್ಟಿ ನಮ್ಮಲ್ಲಿದೆ, ಒಳ್ಳೆಯ ಮಾಲು ಎಂದೆ. ಅದು ತಿನ್ನುವ ಕರೆಂಟಿಗೆ ಯಾರ ಅಪ್ಪ ಕೊಡುತ್ತಾನೆ ಎಂದು ಕೇಳಿದಳು. ತೂತು ಮುಚ್ಚುವ ಪೇಸ್ಟು ಎಂದೆ. ಬಾಯಿ ಒಣಗಿ ಮೂಲೆಗೆ ಬಿದ್ದ ಟ್ಯೂಬು ಒಂದಿರಬೇಕಲ್ಲ ಎಂದಳು. ಇತ್ತು. ಬಾಯಿ ಕತ್ತರಿಸಿ ಒಳಗಿನ ಮೆತ್ತಗಿನ ಭಾಗವನ್ನು ಬೆರಳಿನಲ್ಲಿ ತೂತಿಗೆ ತುಂಬಿದಳು. ಪೈಪಿಗೆ ತೊಡಿಸುವ ಸ್ಪಂಜಿನ ತೋಳನ್ನು ಮಾತ್ರ ಸರಿಯಾದ ಬೆಲೆಗೆ ಕೊಂಡಳು. ಅದೂ ಪೈಪು ಬಾಗಿದ ಕಡೆ ಕೂರುವಂತೆ ನನ್ನ ಕೈಯಲ್ಲಿಯೇ ಕತ್ತರಿಸಿ ಹಾಕಿಸಿದ ಮೇಲೆ. ವೇದಿಕೆ ಮತ್ತು ಕೋಟು ನೇತುಹಾಕುವ ಕೋಣೆಗಳ ಬಾಗಿಲು ಮುಚ್ಚಿಸಿದಳು: ಅಲ್ಲಿ ಪೈಪೂ ಇಲ್ಲ, ಅಲ್ಲಿಗೆ ಬಿಸಿಯೂ ಬೇಡ. ಹೊರಗಿನ ನಲ್ಲಿಗೆ ಹೋಗುವ ಕವಲನ್ನು ನೆಲಮಾಳಿಗೆಯಲ್ಲಿಯೇ ಬಂದ್ ಮಾಡಿಸಿ, ಅದರಲ್ಲಿದ್ದ ನೀರನ್ನು ಇಳಿಸಿದಳು. ಸಿಂಕಿನ ಕಪಾಟಿನ ಬಾಗಿಲುಗಳನ್ನು ಹಾರುಹೊಡೆದು ಇಟ್ಟಳು. ತೀರಾ ಚಳಿಯ ದಿನಗಳಲ್ಲಿ ನಲ್ಲಿಯಿಂದ ನೂಲಿನಷ್ಟು ನೀರು ಬಿಡುವುದು. ಹರಿಯುವ ನೀರು ನಿಂತ ನೀರಿನಷ್ಟು ಸುಲಭವಾಗಿ ಕಟ್ಟುವುದಿಲ್ಲ. ಅಷ್ಟೇ ಆಕೆಯ ಏರ್ಪಾಡು. ನನಗೆ ಅಂದು ಗಿಟ್ಟಿದ್ದು ಹೇಳಿಕೊಳ್ಳುವಂಥದ್ದಲ್ಲ.

ಚಳಿಯ ಮಟ್ಟಿಗೆ ಆಕೆಯ ಲೆಕ್ಕ ಸರಿಯಾಗಿತ್ತು. ಊರಿನ ಮಟ್ಟಿಗೆ ಸ್ವಲ್ಪ ತಪ್ಪಿತ್ತು.

ಸಂಘದ ಮನೆಯ ಪಕ್ಕದ ಬಾಗಿಲಿನ ಕೀಲಿ ಸೂರಿನ ಕೆಳಗೆ ಮೊಳೆಗೆ ನೇತಾಡುತ್ತದೆ. ಅದು ಊರಿಗೆಲ್ಲ ಗೊತ್ತು. ಯಾರೋ ಮಡಿಸುವ ಕುರ್ಚಿ ಒಯ್ಯಲು ಬರುತ್ತಾರೆ, ಯಾರೋ ದೊಡ್ಡ ಪಾತ್ರೆ ವಾಪಸು ಇಡಲು ಬರುತ್ತಾರೆ. ಬಂದವರು ಬಂದಾಗ ಇದ್ದದ್ದಕ್ಕಿಂತ ಓರಣ ಮಾಡಿ ಹೋಗಬೇಕೆಂಬುದು ನಮ್ಮಲ್ಲಿ ತಾಯಿಯ ಹಾಲಿನ ಜೊತೆಗೇ ಬಂದ ಪಾಠ. ಕಪಾಟಿನ ಬಾಗಿಲು ತೆರೆದಿದ್ದರೆ ನಮ್ಮ ಹೆಂಗಸರಿಗೆ ಯಾರೋ ಲಂಗ ಮೇಲೆತ್ತಿಕೊಂಡು ನಿಂತಷ್ಟು ನಾಚಿಕೆ. ನಲ್ಲಿ ತೊಟ್ಟಿಕ್ಕಿದರೆ ನಮ್ಮ ಗಂಡಸರಿಗೆ ಯಾರೋ ತಮ್ಮ ಜೇಬಿಗೇ ಕೈ ಹಾಕಿದಷ್ಟು ಸಂಕಟ. ಲೆಂಪಿ ಬಾಗಿಲು ತೆರೆದು ಹೋಗುವುದು, ಊರು ಹಿಂದಿನಿಂದ ಬಂದು ಮುಚ್ಚುವುದು. ಆಕೆ ನೂಲಿನಷ್ಟು ನೀರು ಬಿಡುವುದು, ಯಾರೋ ಪುಣ್ಯಾತ್ಮ ಬಂದು ನಲ್ಲಿಯ ಕತ್ತು ಹಿಸುಕುವುದು.

"ಬಾಗಿಲು ಮುಚ್ಚಬೇಡಿ ಅಂತ ಚೀಟಿ ಅಂಟಿಸಿದೆ ಕಣೋ," ಎಂದು ಒಂದು ದಿನ ಅಂಗಡಿಗೆ ಬಂದು ಕೂಗಾಡಿದಳು. "ಚೀಟಿ ಸೊಟ್ಟಗಿತ್ತಂತೆ. ನೆಟ್ಟಗೆ ಮಾಡಿ ಅಂಟಿಸಿ, ಬಾಗಿಲೂ ಮುಚ್ಚಿ ಹೋಗಿದಾರೆ!"

ಕೊನೆಗೆ ನನ್ನಿಂದ ಸ್ಕ್ರೂಡ್ರೈವರ್ ಕಡ ತೆಗೆದುಕೊಂಡು ಹೋಗಿ ಆ ಬಾಗಿಲುಗಳನ್ನೇ ಕಳಚಿ ತನ್ನ ಮನೆಯ ಅಟ್ಟಕ್ಕೆ ಹಾಕಿದಳು. ನಲ್ಲಿಯ ಬಾಯಿಗೆ ಒಂದು ಹತ್ತಿಯ ದಾರ ಕಟ್ಟಿ ಸಿಂಕಿನ ತೂತಿನವರೆಗೂ ಇಳಿಬಿಟ್ಟಳು. ನೀರು ದಾರ ಹಿಡಿದುಕೊಂಡು ಸದ್ದಿಲ್ಲದೆ ಇಳಿಯಿತು. ತೊಟ್ಟಿಕ್ಕುವ ಸದ್ದು ಕೇಳದಿದ್ದರೆ ನಮ್ಮ ಗಂಡಸರಿಗೆ ಸಂಕಟವೂ ಇಲ್ಲ.

ಉಳಿದದ್ದು ಒಂದೇ ಭಯ: ನೆಲಮಾಳಿಗೆಯ ಹೀಟರೇ ಆರಿಹೋದರೆ? ಅದಕ್ಕೆ ನನ್ನಲ್ಲಿ ಒಂದು ಪುಟ್ಟ ಪೆಟ್ಟಿಗೆಯಿತ್ತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಅದಕ್ಕೊಂದು ದೀಪ ಸಿಕ್ಕಿಸಿದರೆ, ಕೋಣೆ ಹೆಚ್ಚು ತಣ್ಣಗಾದಾಗ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಅಂಗಡಿಯ ಕಿಟಕಿಯಲ್ಲಿದ್ದು ಬಿಸಿಲಿಗೆ ಅದರ ಡಬ್ಬಿ ಬೆಳ್ಳಗಾಗಿದೆ ಎಂದು ತೋರಿಸಿ, ಚೌಕಾಸಿ ಮಾಡಿ ಕೊಂಡಳು. ರಸ್ತೆಗೆ ಕಾಣುವ ಅಡುಗೆಮನೆಯ ಕಿಟಕಿಯಲ್ಲಿ ಕೆಂಪು ಬಲ್ಬಿನ ದೀಪವಿಟ್ಟು, ಭಾನುವಾರ ಚರ್ಚು ಬಿಡುತ್ತಿದ್ದಂತೆಯೇ ಮೆಟ್ಟಿಲ ಮೇಲೆ ನಿಂತು ಊರಿಗೆಲ್ಲ ಸಾರಿದಳು: "ಸಂಘದ ಮನೇಲಿ ಕೆಂಪು ದೀಪ ಕಂಡ್ರೆ ನನಗೆ ಫೋನ್ ಮಾಡಿ!"

ಸಂಘದ ಮನೆಯ ಎದುರುಮನೆಯ ವೈನೋ ಆ ಭಾನುವಾರ ಮಿಲ್ವಾಕಿಯಲ್ಲಿರುವ ಮಗಳ ಮನೆಗೆ ಹೋಗಿದ್ದ.

ಜನವರಿಯಲ್ಲಿ ಉಸಿರು ಮೀಸೆಯ ಮೇಲೆಯೇ ಕಟ್ಟಿಕೊಳ್ಳುವಂಥ ಚಳಿ ಇಳಿಯಿತು. ಅಂಥ ಒಂದು ಬೆಳಿಗ್ಗೆ ವೈನೋ ನನ್ನ ಅಂಗಡಿಯ ಒಲೆಯ ಪಕ್ಕ ತನ್ನ ಕುರ್ಚಿಯಲ್ಲಿ ಕುಳಿತಿದ್ದ. ಲೆಂಪಿ ಬೆನ್ನು ಹಾಕಿಕೊಂಡು ಬೀಗಗಳನ್ನು ನೋಡುತ್ತಿದ್ದಳು. ಕೊಳ್ಳುವುದಕ್ಕಲ್ಲ.

"ಈಗಿನೋರು ಕರೆಂಟು ಅಂದ್ರೆ ಗಾಳಿ ಬಂದಂಗೆ ಪುಕ್ಕಟೆ ಬರುತ್ತೆ ಅಂದ್ಕೊಂಡಿದಾರೆ," ಎಂದು ವೈನೋ ಶುರು ಮಾಡಿದ. "ಸಂಘದ ಮನೇಲಿ ಕ್ರಿಸ್ಮಸ್ ದೀಪ ಇನ್ನೂ ಉರೀತಾ ಇತ್ತು ಕಣಯ್ಯ ರೂಡಿ. ಬೆಳಗ್ಗೆ ಎದ್ದು ಪರದೆ ಸರಿಸ್ತೀನಿ, ಕಿಟಕೀಲಿ ಕೆಂಪಗೆ! ಹಬ್ಬ ಮುಗಿದು ಎಷ್ಟು ದಿನ ಆಯ್ತು?"

ಬೀಗ ತಿರುವುತ್ತಿದ್ದ ಲೆಂಪಿಯ ಕೈ ನಿಂತಿತು.

"ಆಮೇಲೆ?" ಎಂದೆ ನಾನು.

"ಆಮೇಲೇನು, ಬೂಟು ಹಾಕ್ಕೊಂಡು ಹೋಗಿ ಪ್ಲಗ್ಗು ಕಿತ್ತು ಬಂದೆ. ಇಂಥಾ ಚಳೀಲಿ ಯಾರು ಹೋಗ್ತಾರೆ ಹೇಳು? ಸಂಘದ ದುಡ್ಡು ಅಂದ್ರೆ ಯಾರಿಗೂ ಹೊಟ್ಟೆ ಉರಿಯಲ್ಲ, ನನಗೊಬ್ಬನಿಗೇ."

ಲೆಂಪಿ ತಿರುಗಿದಳು. ಕೂಗಲಿಲ್ಲ, ಅದಕ್ಕೇ ನನಗೆ ಭಯವಾದದ್ದು.

"ವೈನೋ. ಒಳಗೆ ಹೇಗಿತ್ತು?"

"ಹೇಗಿತ್ತು ಅಂದ್ರೆ?"

"ಬೆಚ್ಚಗಿತ್ತೋ, ತಣ್ಣಗಿತ್ತೋ?"

"ತಣ್ಣಗಿತ್ತು. ಉಸಿರು ಹೊಗೆ ಹೊಗೆಯಾಗಿ ಕಾಣ್ತಿತ್ತು. ಖಾಲಿ ಮನೇನ ತಣ್ಣಗಿಟ್ಟಿದಾರಲ್ಲ, ಅದೊಂದಾದ್ರೂ ಬುದ್ಧಿವಂತಿಕೆ ಅಂದ್ಕೊಂಡೆ."

"ಎದ್ದೇಳು," ಎಂದಳು ಲೆಂಪಿ. "ನಡಿ ಮುಂದೆ."

ಅಂಗಡಿಯ ಬಾಗಿಲಿಗೆ ಬೀಗ ಕೂಡ ಹಾಕದೆ ನಾವು ಮೂವರೂ ನನ್ನ ಪಿಕಪ್ಪಿಗೆ ಹತ್ತಿದೆವು. ದಾರಿಯಲ್ಲಿ ಕೆಂಪು ದೀಪದ ಅರ್ಥವನ್ನು ಲೆಂಪಿ ವೈನೋನಿಗೆ ವಿವರಿಸಿದಳು. ಆ ವಿವರಣೆಯನ್ನು ಇಲ್ಲಿ ಬರೆಯುವಂತಿಲ್ಲ.

ಒಳಗೆ ಮನೆ ಸತ್ತಂತಿತ್ತು. ಹೀಟರ್ ಆರಿತ್ತು. ಹೊರಗಿನ ಟ್ಯಾಂಕಿನಿಂದ ಬರುವ ಎಣ್ಣೆ ಚಳಿಗೆ ಮೇಣದಂತೆ ಗಟ್ಟಿಯಾಗಿ ಫಿಲ್ಟರಿನಲ್ಲಿ ಸಿಕ್ಕಿಕೊಂಡಿತ್ತು. ಅಡುಗೆಮನೆಯಲ್ಲಿ ನಲ್ಲಿಯಿಂದ ಇಳಿಬಿಟ್ಟ ದಾರ ಮಂಜಿನ ಕಡ್ಡಿಯಾಗಿ ನಿಂತಿತ್ತು. ಲೆಂಪಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಒಂದು ತೊಟ್ಟೂ ಬರಲಿಲ್ಲ.

"ಒಡೆದಿದ್ಯಾ?" ಎಂದು ವೈನೋ ಪಿಸುಗುಟ್ಟಿದ.

"ಕರಗಿದ ಮೇಲೇ ಗೊತ್ತಾಗೋದು. ಕಟ್ಟಿಕೊಂಡಿರೋವಾಗ ಒಡೆದ ಪೈಪೂ ಸುಮ್ನೇ ಇರುತ್ತೆ."

"ನಮ್ಮನೇಲಿ ಬೆಂಕಿ ಉಗುಳೋ ಬ್ಲೋಲ್ಯಾಂಪ್ ಇದೆ. ಒಂದು ನಿಮಿಷದಲ್ಲಿ..."

"ಒಂದು ನಿಮಿಷದಲ್ಲಿ ಈ ದಿಮ್ಮಿ ಗೋಡೆಗೆ ಬೆಂಕಿ ಹಚ್ತೀಯ. ಆಗ ಅಗ್ನಿಶಾಮಕದೋರೇ ಇಲ್ಲಿಗೆ ಬರ್ತಾರೆ, ನಾವು ಅವರಲ್ಲಿಗೆ ಹೋಗೋದು ತಪ್ಪುತ್ತೆ! ಹೋಗು, ಬಿಸಿನೀರು ತಗೊಂಬಾ. ಹಳೇ ಟವೆಲ್ ಇದ್ದಷ್ಟೂ ತಗೊಂಬಾ. ಓಡು!"

ವೈನೋ ಓಡಿದ್ದನ್ನು ನಾನು ಅಂದೇ ನೋಡಿದ್ದು. ನನ್ನನ್ನು ಆಕೆ ನೆಲಮಾಳಿಗೆಗೆ ಅಟ್ಟಿದಳು. ಒಂದು ಕೈ ನೀರಿನ ಮುಖ್ಯ ಕವಾಟದ ಮೇಲಿರಬೇಕು. ಎಲ್ಲಾದರೂ ಚಿಮ್ಮುವ ಸದ್ದಾದರೆ ತಕ್ಷಣ ತಿರುಗಿಸಬೇಕು. ಇನ್ನೊಂದು ಕೈಯಲ್ಲಿ ಹೀಟರಿನ ಫಿಲ್ಟರ್ ಬದಲಿಸಬೇಕು. ಒಬ್ಬ ಮನುಷ್ಯನಿಗೆ ಎಷ್ಟು ಕೈ ಇವೆಯೆಂಬುದು ಲೆಂಪಿಗೆ ಯಾವತ್ತೂ ಸರಿಯಾಗಿ ಗೊತ್ತಿರಲಿಲ್ಲ.

ಮೇಲೆ ವೈನೋ ಬಂದ ಸದ್ದು ಕೇಳಿತು.

"ಇದೇನೋ ಇದು, ಕಪ್ಪಗಿದೆ?"

"ಕಾಫಿ. ನೀರು ಕಾಯಿಸೋಕೆ ಎಲ್ಲಿತ್ತೇ ಟೈಮು? ಒಲೆ ಮೇಲೆ ಇದೇ ಕುದೀತಿತ್ತು."

ನಮ್ಮಲ್ಲಿ ಕಾಫಿ ಚೆಲ್ಲುವುದೆಂದರೆ ಸಾಮಾನ್ಯ ಪಾಪವಲ್ಲ.

"ಸುರಿ," ಎಂದಳು ಲೆಂಪಿ. "ನಲ್ಲಿ ಹತ್ತಿರದಿಂದ ಶುರು ಮಾಡು, ಮೆಲ್ಲಗೆ ಗೋಡೆ ಕಡೆ ಹೋಗು. ಕರಗಿದ ನೀರಿಗೆ ಹೊರಗೆ ಬರೋಕೆ ದಾರಿ ಇರಬೇಕು. ಮಧ್ಯದಲ್ಲಿ ಬಿಸಿ ಮಾಡಿದ್ರೆ ಅದು ಪೈಪಿನ ಹೊಟ್ಟೇನೇ ಬಗೆಯುತ್ತೆ."

ಕಾಫಿಯಲ್ಲಿ ಅದ್ದಿದ ಟವೆಲುಗಳನ್ನು ಇಬ್ಬರೂ ಪೈಪಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಕಾಫಿ ಮುಗಿದ ಮೇಲೆ ವೈನೋ ಹೊರಗಿನಿಂದ ಬಕೆಟಿನಲ್ಲಿ ಹಿಮ ತಂದ. ಸಂಘದ ವಿದ್ಯುತ್ ಒಲೆಯ ಮೇಲೆ ಅದನ್ನು ಕರಗಿಸಿ ಕಾಯಿಸಿದರು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಹೀಟರ್ ಒಂದು ಸಲ ಕೆಮ್ಮಿ, ಎರಡು ಸಲ ಗುರುಗುಟ್ಟಿ ಹೊತ್ತಿಕೊಂಡಿತು. ನಾನು ಕವಾಟ ಹಿಡಿದು ಕುಳಿತೇ ಇದ್ದೆ. ಮೇಲಿನ ಹಲಗೆಗಳ ಸಂದಿನಿಂದ ಕಾಫಿ ನನ್ನ ಟೋಪಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಪ್ರತಿ ತೊಟ್ಟಿಗೂ, ಒಡೆಯಿತೇನೋ ಎಂದು ನೆಕ್ಕಿ ನೋಡಿ ಕಾಫಿಯೆಂದು ಖಚಿತ ಮಾಡಿಕೊಳ್ಳುತ್ತಿದ್ದೆ.

ಮೊದಲು ನಲ್ಲಿ ಉಗುಳಿತು. ಆಮೇಲೆ ಒಂದು ಮಂಜಿನ ಚೂರು ಸಿಂಕಿಗೆ ಟಣ್ಣೆಂದು ಬಿತ್ತು. ಆಮೇಲೆ ನೀರು ಧಾರೆಯಾಗಿ ಸುರಿಯಿತು.

"ರೂಡಿ! ಕೆಳಗೆ ಹೇಗಿದೆ?"

"ಒಣಗಿದೆ!"

"ಗೋಡೆ ಮೂಲೆ ನೋಡು!"

"ಅಲ್ಲೂ ಒಣಗಿದೆ!"

ಪೈಪು ಒಡೆದಿರಲಿಲ್ಲ. ಒಳಗೆ ಮಂಜು ಉಬ್ಬಿ ನೀರನ್ನು ಒತ್ತಿದಾಗ, ತೆರೆದೇ ಇದ್ದ ನಲ್ಲಿಯಿಂದ ಆ ಒತ್ತಡ ಹೊರಗೆ ಹೋಗಿತ್ತು. ನಾನು ಮೇಲೆ ಬಂದಾಗ ವೈನೋ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಮೊಣಕಾಲಿನವರೆಗೂ ಕಾಫಿ.

"ಲೆಂಪಿ, ನಾನು ಒಳ್ಳೇದಕ್ಕೇ ಮಾಡಿದ್ದು ಕಣೇ."

"ಗೊತ್ತು. ಈ ಊರಲ್ಲಿ ಕೆಟ್ಟದ್ದು ಮಾಡೋರಿಂದ ನನಗೆ ಒಂದು ದಿನವೂ ತೊಂದರೆ ಆಗಿಲ್ಲ."

ಅಲ್ಲಿಂದ ನೇರ ಆಕೆ ರೈನೋನ ಮನೆಗೆ ನಡೆದಳು. ಬೇಡ, ಯಾರಿಗೂ ಗೊತ್ತಾಗಲ್ಲ ಎಂದು ನಾನೆಂದೆ. ವ್ಯಾಪಾರಿಯ ಬುದ್ಧಿ. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ರೈನೋ ಅಂಗಳದ ಹಿಮ ತಳ್ಳುತ್ತಿದ್ದ.

"ಪೈಪು ಕಟ್ಟಿಕೊಂಡಿತ್ತು," ಎಂದಳು.

"ಒಡೀತಾ?"

"ಒಡೀಲಿಲ್ಲ."

"ಹಾಗಾದ್ರೆ ನನಗ್ಯಾಕೆ ಹೇಳ್ತಿದೀಯ?"

"ನಾಳೆ ವೈನೋ ಬಾಯಿಂದ ಕೇಳಿ ಸೊಟ್ಟ ಮುಖ ಮಾಡ್ಕೊಂಡು ನನ್ನ ಮನೆಗೆ ಬರ್ತೀಯ ಅಂತ. ಹಾಗೇ ಟ್ಯಾಂಕಿನ ಎಣ್ಣೆಗೆ ಚಳಿಗಾಲದ ತೆಳು ಎಣ್ಣೆ ಬೆರೆಸೋಕೆ ಹೇಳು. ಅದು ನಿನ್ನ ಕೆಲಸ, ಪೈಪು ನನ್ನದು."

ರೈನೋ ಸಲಿಕೆಗೆ ಗದ್ದ ಊರಿದ. "ಮನೆಯೆಲ್ಲ ಕಾಫಿ ವಾಸನೆ ಬರುತ್ತಂತೆ?" ಎಂದ. ಊರಿನ ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಫೆಬ್ರವರಿಯಲ್ಲಿ ಸೈಮಾ ತೀರಿಕೊಂಡಳು. ನಮ್ಮೂರಿನ ಅಂಚೆ ಕಚೇರಿಯಲ್ಲಿ ಬಹಳ ಕಾಲ ಕೆಲಸ ಮಾಡಿ, ಎಲ್ಲರ ಕಾಗದಗಳನ್ನೂ ಹೊರಗಿನಿಂದಲೇ ಓದಬಲ್ಲವಳಾಗಿದ್ದಳು. ಗುಂಡಿ ತೋಡುವುದಕ್ಕೆ ಹೆಪ್ಪುಗಟ್ಟಿದ ನೆಲ ಬಿಡಲಿಲ್ಲ. ಶವಪೆಟ್ಟಿಗೆಯನ್ನು ಸ್ಮಶಾನದ ಕಲ್ಲಿನ ಕೋಣೆಯಲ್ಲಿಟ್ಟು, ವಸಂತ ಬರಲಿ ಎಂದು ಬಿಟ್ಟುಬಂದೆವು. ಮಣ್ಣು ತಡವಾಗಬಹುದು, ಕಾಫಿ ತಡವಾಗುವಂತಿಲ್ಲ. ಚರ್ಚಿನಿಂದ ಬಂದಾಗ ಸಂಘದ ಮನೆಯ ಕಿಟಕಿಗಳೆಲ್ಲ ಹಬೆಗೆ ಮಸುಕಾಗಿದ್ದವು. ಪಿಂಗಾಣಿ ಕಪ್ಪುಗಳು ಸಾಲಾಗಿದ್ದವು. ಸೈಮಾಳ ಮಗ ಚಳಿಗೆ ಮರಗಟ್ಟಿದ ಕೈಯನ್ನು ಬಿಸಿ ಕಪ್ಪಿನ ಸುತ್ತ ಹಿಡಿದು, ಅಮ್ಮ ಯಾರ ಯಾರ ಪ್ರೇಮಪತ್ರ ಯಾರ ಯಾರ ಗಂಡಂದಿರಿಗೆ ಕೊಡದೆ ತಡೆದಿಟ್ಟಿದ್ದಳೆಂದು ಹೇಳತೊಡಗಿದ. ಜನ ಮೊದಲು ಮುಸಿಮುಸಿ ನಕ್ಕು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಎರಡನೇ ಕಪ್ಪು ಕೇಳಿ, ಮೂರನೆಯದನ್ನೂ ಕೇಳಿ, ಕತ್ತಲಾಗುವವರೆಗೂ ಏಳಲಿಲ್ಲ. ಲೆಂಪಿ ಒಂದು ಸಲವೂ ಕೂರಲಿಲ್ಲ. ಸೈಮಾಳ ಮಗ ಹೊರಡುವಾಗ ಆಕೆಯ ಎರಡೂ ಕೈ ಹಿಡಿದುಕೊಂಡು ಏನೋ ಹೇಳಲು ಹೋದ. "ಹೋಗಪ್ಪ, ಹೋಗು, ಬಾಗಿಲು ತೆಗೆದಿಟ್ಟು ಬಿಸಿಯೆಲ್ಲ ಹೊರಗೆ ಬಿಡ್ತಿದೀಯ," ಎಂದು ಕಳಿಸಿದಳು. ಅಂದು ಮಾತ್ರ ಆಕೆಯ ಕಣ್ಣು ಒದ್ದೆಯಾಗಿತ್ತು. ಈರುಳ್ಳಿ ಹೆಚ್ಚುವ ಕೆಲಸ ಯಾವುದೂ ಇರಲಿಲ್ಲ.

ಹಿಮ ಕರಗಿ ರಸ್ತೆ ಕೆಸರಾದ ಮೇಲೆ ಸಂಘದ ಸಭೆ ಸೇರಿತು. ರೈನೋ ಎದ್ದು ನಿಂತು, "ಮುಂದಿನ ಚಳಿಗಾಲ ಈ ಮನೆಗೆ ಬೀಗ ಹಾಕೋದೋ, ತೆರೆದಿಡೋದೋ, ಮಾತಾಡೋರು ಮಾತಾಡಿ," ಎಂದ.

ಯಾರೂ ಮಾತಾಡಲಿಲ್ಲ. ನಮ್ಮ ಜನಕ್ಕೆ ಒಪ್ಪಿಗೆಯಿಲ್ಲದಿದ್ದರೆ ಕುರ್ಚಿ ಕಿರುಗುಟ್ಟುತ್ತದೆ, ಕೆಮ್ಮು ಬರುತ್ತದೆ, ಯಾರಾದರೊಬ್ಬರು ತಮ್ಮ ಅಜ್ಜನ ಕಾಲದ ವಿಷಯ ತೆಗೆಯುತ್ತಾರೆ. ಅಂದು ಒಂದು ಕುರ್ಚಿಯೂ ಅಲುಗಲಿಲ್ಲ. ರೈನೋ ಒಬ್ಬೊಬ್ಬರ ಮುಖವನ್ನೂ ನೋಡುತ್ತ, ಇಂಥ ಮೌನಕ್ಕೆ ಎಷ್ಟು ಹೊತ್ತು ಕೊಡಬೇಕೋ ಅಷ್ಟೂ ಹೊತ್ತು ಕೊಟ್ಟ. ಕೊನೆಯಲ್ಲಿ ಲೆಂಪಿಯ ಕುರ್ಚಿಯ ಕಡೆ ನೋಡಿದ. ಅದು ಖಾಲಿಯಿತ್ತು. ಉತ್ತರಕ್ಕೆ ಕಾಯದೆ ಆಕೆ ಆಗಲೇ ಎದ್ದು ಅಡುಗೆಮನೆಗೆ ಹೋಗಿದ್ದಳು. ದೊಡ್ಡ ಕಾಫಿ ಪಾತ್ರೆಗೆ ನಲ್ಲಿ ನೀರು ತುಂಬುವ ಸದ್ದು ಸಭೆಗೆಲ್ಲ ಕೇಳುತ್ತಿತ್ತು.

"ಸರಿ ಹಾಗಾದ್ರೆ," ಎಂದು ರೈನೋ ಕುಳಿತುಕೊಂಡ.